ಕಾಣದ ಬೆಳಕಿನ ಅಳತೆ

ಟೈಲರಮ್ಮ ನನ್ನ ಅಂಗಡಿಯೊಳಗೆ ಕಾಲಿಟ್ಟವಳೇ ಮೊದಲು ಕೇಳಿದ್ದು, ಗೋಡೆಗೆ ಬೆನ್ನು ಕೊಟ್ಟು ಕೂರೋಕೆ ಜಾಗ ಇದೆಯಾ ಎಂದು. ನನ್ನ ಅಂಗಡಿಯಲ್ಲಿ ಗೋಡೆ ಎಲ್ಲಿದೆ ಅನ್ನುವುದು ನನಗೇ ಮರೆತುಹೋಗಿದೆ. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಯಾರ್ಯಾರೋ ಬಿಟ್ಟುಹೋದ ದುರ್ಬೀನು, ಕ್ಯಾಮೆರಾ, ಜಮೀನು ಅಳೆಯುವ ಯಂತ್ರ. ಗಿರಾಕಿಗಳು ಇಲ್ಲಿ ನಿಂತೇ ಮಾತಾಡಬೇಕು. ಕೂರಿಸಿದರೆ ಹರಟೆ ಶುರು ಹಚ್ಚಿಕೊಳ್ಳುತ್ತಾರೆ, ನನಗೆ ಹರಟೆ ಆಗಿಬರುವುದಿಲ್ಲ. ಮೂಗಿನ ತುದಿಯಲ್ಲೇ ಕೋಪ ಇವನಿಗೆ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಆದರೆ ಆಕೆ ಕೇಳಿದ ಧಾಟಿಗೆ ನನಗೆ ಇಲ್ಲ ಎನ್ನಲಾಗಲಿಲ್ಲ. ನನ್ನ ಸ್ಟೂಲನ್ನೇ ಎತ್ತಿಕೊಟ್ಟೆ. ಅದನ್ನು ಎರಡು ಕಪಾಟುಗಳ ನಡುವಿನ ಮೂಲೆಗೆ ಎಳೆದುಕೊಂಡು, ಬೆನ್ನನ್ನು ಮರಕ್ಕೆ ಒತ್ತಿ ಕೂತಳು. ನಲವತ್ತು ದಾಟಿದ ಹೆಂಗಸು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಕಾಲರಿನಲ್ಲಿ ಎರಡು ಗುಂಡುಸೂಜಿ ಚುಚ್ಚಿಕೊಂಡಿದ್ದಳು. ಹೆಸರು ಕೇಳುವ ಅಭ್ಯಾಸ ನನಗಿಲ್ಲವಾದ್ದರಿಂದ ಅವತ್ತಿಂದ ಆಕೆ ನನಗೆ ಟೈಲರಮ್ಮ.

ಚೀಲದಿಂದ ಬಟ್ಟೆ ಸುತ್ತಿದ್ದ ಒಂದು ಕಪ್ಪು ಲೋಹದ ಕೊಳವೆ ತೆಗೆದು ಮೇಜಿನ ಮೇಲಿಟ್ಟಳು. ಕೈಯಲ್ಲಿ ಹಿಡಿದು ಬಿಡುವ ಹಸಿರು ಲೇಸರ್. ದಪ್ಪ ಪೆನ್ನಿನ ಗಾತ್ರ, ಪಕ್ಕದಲ್ಲೊಂದು ಗುಂಡಿ. ಪಾಠ ಹೇಳುವವರು ಗೋಡೆ ಮೇಲೆ ಚುಕ್ಕಿ ತೋರಿಸುವ ಚಿಲ್ಲರೆ ಮಾಲಲ್ಲ ಅದು, ಆಕಾಶಕ್ಕೆ ಹಿಡಿದರೆ ನಕ್ಷತ್ರದವರೆಗೂ ಗೆರೆ ಎಳೆದ ಹಾಗೆ ಕಾಣುವಷ್ಟು ಜೋರಿನದು.

"ನಮ್ಮಪ್ಪಂದು. ಅವರು ಹೋಗಿ ಆರು ತಿಂಗಳಾಯ್ತು," ಅಂದಳು. "ಇದು ಮನೇಲಿ ಇರೋವರೆಗೂ ನನ್ನ ಬೆನ್ನ ಹಿಂದೆ ಯಾರೋ ನಿಂತಿರ್ತಾರೆ. ಪರೀಕ್ಷೆ ಮಾಡಿ, ಸರಿಯಿದ್ರೆ ಯಾರಿಗಾದ್ರೂ ಮಾರಿಬಿಡಿ. ಸರಿಯಿಲ್ದಿದ್ರೂ ನನಗೆ ಮಾತ್ರ ವಾಪಸ್ ಕೊಡ್ಬೇಡಿ."

ಹಳೆ ಸಾಮಾನಿನ ಜೊತೆ ಕತೆ ಪುಕ್ಕಟೆಯಾಗಿ ಬರುತ್ತದೆ, ನಾನು ಸಾಮಾನ್ಯವಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವತ್ತು ಕೇಳಿದೆ. ತಂದೆಗೆ ನಕ್ಷತ್ರ ನೋಡುವ ಹುಚ್ಚಂತೆ. ಚಳಿಗಾಲದಲ್ಲಿ ಬೆಳಕು ಹರಿಯುವ ಮುಂಚೆ ಎದ್ದು, ಶಾಲು ಸುತ್ತಿಕೊಂಡು ತಾರಸಿಗೆ ಹೋಗಿ, ಈ ಹಸಿರು ಗೆರೆಯನ್ನು ಮೇಲಕ್ಕೆ ಹಿಡಿದು ನಿಲ್ಲುತ್ತಿದ್ದರಂತೆ. ಒಂದು ಚಳಿಗಾಲ ಕಳೆದ ಮೇಲೆ ಮನುಷ್ಯ ಬದಲಾಗಿಬಿಟ್ಟರು. ಮಗಳು ಎದುರಿಗೆ ಬಂದು ನಿಂತರೆ ಆಕೆಯ ಮುಖ ನೋಡುತ್ತಿರಲಿಲ್ಲ. ಕಿವಿಯ ಪಕ್ಕ, ಭುಜದ ಮೇಲೆ, ಹಿಂದೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಅಲ್ಲಿಗೇ ನೋಟ ನೆಟ್ಟು ಮಾತಾಡುತ್ತಿದ್ದರು. ಒಮ್ಮೆ, ಮನೆಗೆ ಮುಖವಿಲ್ಲದವರು ಬರುತ್ತಿದ್ದಾರೆ ಅಂದರಂತೆ. ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಆತ ವಯಸ್ಸಿನ ಮರೆವು ಅಂತ ಮಾತ್ರೆ ಬರೆದುಕೊಟ್ಟ. ಮಾತ್ರೆ ನುಂಗಿದ ಮೇಲೆ ಮಲಗಿದ್ದೇ ಜಾಸ್ತಿ.

"ಒಂದಿನ ತಡೆಯೋಕಾಗದೆ ಕೇಳಿಬಿಟ್ಟೆ," ಅಂದಳು ಟೈಲರಮ್ಮ. "ಅಲ್ಲಿ ಯಾರಿದ್ದಾರೆ ಅಪ್ಪ, ಅಮ್ಮಾನಾ ಅಂತ. ಶಾಲು ಸರಿ ಮಾಡ್ಕೊಂಡು, ಹೂಂ ಅಂದ್ರು."

ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತಂತೆ. ಆ ಹಸಿರು ಗೆರೆ ಹಿಡಿದುಕೊಂಡೇ ಅಮ್ಮ ಮೇಲಿಂದ ಇಳಿದು ಬಂದಳು ಎಂದು ಆಕೆಗೆ ಅನ್ನಿಸಿಬಿಟ್ಟಿತ್ತು. ಅಂದಿನಿಂದ ಬಾಗಿಲಿಗೆ ಬೆನ್ನು ಹಾಕಿ ಕೂತದ್ದಿಲ್ಲ. ಹೊಲಿಗೆ ಮೆಷಿನ್ನನ್ನು ಮೂಲೆಗೆ ತಿರುಗಿಸಿಕೊಂಡಿದ್ದಾಳೆ. ಹೆದರಿಕೆಯಾಗುತ್ತದಾ ಎಂದು ಕೇಳಿದೆ. ಹೆದರಿಕೆಯಾಗುತ್ತದೆ, ಆದರೆ ಅಮ್ಮನೇ ಅಲ್ಲವಾ ಎಂದುಕೊಂಡರೆ ಒಂಥರಾ ಧೈರ್ಯವೂ ಬರುತ್ತದೆ ಅಂದಳು. ಆಕೆಯನ್ನು ಕಾಡುತ್ತಿದ್ದದ್ದು ಅದಲ್ಲ. "ಎರಡು ವರ್ಷ ಅಪ್ಪ ನನ್ನ ಮುಖ ನೋಡ್ಲಿಲ್ಲ. ಅಮ್ಮ ಬಂದ ಮೇಲೆ ನಾನು ಬೇಡವಾದ್ನಾ? ನಾನೇನು ಮಾಡಿದ್ದೆ ಅಂತ ಈಗ ಯಾರನ್ನ ಕೇಳ್ಲಿ?"

ಕೊಳವೆಯನ್ನು ನನ್ನ ಕಡೆ ಎಳೆದುಕೊಂಡು, ನಾಲ್ಕು ದಿನ ಬಿಟ್ಟು ಬನ್ನಿ ಅಂದೆ.

ಆಕೆ ಹೋದ ಮೇಲೆ ಕೊಳವೆಯ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದೆ. ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿತ್ತು. ಅದನ್ನು ಕೆರೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದಾಗ ಮುಚ್ಚಳದ ಒಳಮೈಯಲ್ಲಿ ಗೀರು ಕಂಡಿತು. ಸೂಜಿಯಿಂದ ಕೊರೆದ ಅಂಕೆ, ೫೨. ಕೆಳಗೊಂದು ಅಡ್ಡಗೆರೆ. ಅದು ನನ್ನ ಕೈಬರಹ. ನನ್ನ ಕೈಯಿಂದ ದಾಟಿಹೋಗುವ ಪ್ರತಿ ಲೇಸರಿನ ಮುಚ್ಚಳದೊಳಗೆ, ಬೆಳಕಿನ ಜೋರು ಅಳೆಯುವ ಮೀಟರು ತೋರಿಸಿದ ಅಳತೆಯನ್ನು ಕೊರೆದು ಕಳಿಸುತ್ತೇನೆ, ಡಾಕ್ಟರು ಚೀಟಿ ಬರೆದ ಹಾಗೆ. ಅಂದರೆ ಈ ಕೊಳವೆಯನ್ನು ಮಾರಿದವನು ನಾನೇ.

ಆಗ ನೆನಪಾದರು ಅದನ್ನು ಕೊಂಡಿದ್ದ ನಕ್ಷೆಯವರು. ಆರು ವರ್ಷದ ಹಿಂದೆ ಬಂದಿದ್ದರು, ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಬೆಟ್ಟದ ಏರಿಳಿತಗಳನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ನಲವತ್ತು ವರ್ಷ ಎಳೆದ ಕೈ. ಅವರ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ಅದನ್ನು ಕಚೇರಿಯಲ್ಲಿ ಯಾರಿಗೂ ಗೊತ್ತಾಗಗೊಡದೆ ಸೇವೆ ಮುಗಿಸಿದ್ದೇ ಅವರಿಗೊಂದು ಹೆಮ್ಮೆ. ಕಣ್ಣಿನ ಪರೀಕ್ಷೆಗೆ ನಿಲ್ಲಿಸಿದಾಗ ಮುಂದಿದ್ದವರು ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸಿಬಿಡುತ್ತಿದ್ದರಂತೆ. ದುರ್ಬೀನಿಗೆ ಒಂದು ಕಣ್ಣು ಸಾಕಲ್ಲವಾ, ಇನ್ನೊಂದನ್ನು ನೀವೆಲ್ಲ ಕಷ್ಟಪಟ್ಟು ಮುಚ್ಚಿಕೊಳ್ಳುತ್ತೀರಿ, ನನಗೆ ದೇವರೇ ಮುಚ್ಚಿಕೊಟ್ಟಿದ್ದಾನೆ ಎಂದು ನಕ್ಕಿದ್ದರು. ಮನೆಯಲ್ಲೂ ಗೊತ್ತಿಲ್ಲ, ಹೇಳಬೇಡಿ ಎಂದೂ ಸೇರಿಸಿದ್ದರು. ನನಗೆ ಇಷ್ಟವಾದ ಗಿರಾಕಿಗಳು ಬೆರಳೆಣಿಕೆಯಷ್ಟು, ಅವರಲ್ಲಿ ಈ ಮನುಷ್ಯ ಒಬ್ಬರು.

ಹೊಸ ಬ್ಯಾಟರಿ ಹಾಕಿ, ಕೊಳವೆಯನ್ನು ಹಿಡಿಕೆಯಲ್ಲಿ ಬಿಗಿದು, ಮೀಟರಿನ ಕಪ್ಪು ಬಿಲ್ಲೆಗೆ ಬೆಳಕು ಬಿಟ್ಟೆ. ಐವತ್ತೊಂದು. ಆರು ವರ್ಷದಲ್ಲಿ ಒಂದೇ ಒಂದು ಅಂಕೆ ಇಳಿದಿತ್ತು. ಭಲೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಶಾಲೆಯ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ ನಕ್ಷತ್ರ ತೋರಿಸುವ ಮೇಷ್ಟ್ರೊಬ್ಬರು ಇಂಥದ್ದೊಂದು ಬೇಕು ಎಂದು ನಾಲ್ಕು ತಿಂಗಳಿಂದ ನನ್ನ ಪ್ರಾಣ ತಿನ್ನುತ್ತಿದ್ದರು. ಫೋನು ಮಾಡಿ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗಿ ಅಂದೆ.

ಮೇಷ್ಟ್ರು ಅಂಗಡಿಯ ಶಟರ್ ಎತ್ತುವ ಮುಂಚೆಯೇ ಬಂದು ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಮೈ ಕೊರೆಯುವ ಚಳಿ. ಒಳಗಿನ ಕಬ್ಬಿಣದ ಮೇಜು ಮುಟ್ಟಿದರೆ ಬೆರಳು ಮರಗಟ್ಟುವಂತಿತ್ತು. ಕೊಳವೆಯನ್ನು ಹಿಡಿಕೆಗೆ ಸಿಕ್ಕಿಸಿ ಎದುರಿನ ಬಿಳಿ ಹಲಗೆಗೆ ಬಿಟ್ಟೆ. ನಿನ್ನೆ ಕಣ್ಣು ಕುಕ್ಕುತ್ತಿದ್ದ ಹಸಿರು ಚುಕ್ಕಿ ಇವತ್ತು ಇತ್ತೋ ಇಲ್ಲವೋ ಅನ್ನುವಷ್ಟು ಪೇಲವವಾಗಿತ್ತು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು, ಇದು ಸತ್ತುಹೋಗಿದೆಯಲ್ಲ ಅಂದರು. ಬಾಯಿಮಾತು ಯಾಕೆ, ಅಳತೆಯನ್ನೇ ನೋಡಿ ಎಂದು ಜಂಬದಿಂದ ಮೀಟರನ್ನು ಅಡ್ಡ ಹಿಡಿದೆ. ಐವತ್ತು.

ಬೆಳಕು ಕಣ್ಣಿಗೆ ಕಾಣುತ್ತಿಲ್ಲ, ಮೀಟರು ಐವತ್ತು ಅನ್ನುತ್ತಿದೆ. ಹಾಗಾದರೆ ಮೀಟರು ಅಳೆಯುತ್ತಿರುವುದು ಏನನ್ನು? ಇದು ನನ್ನ ತಲೆಗೆ ಹೊಳೆಯುವ ಹೊತ್ತಿಗೆ ಮೇಷ್ಟ್ರು ಕೊಳವೆಯನ್ನು ಹಿಡಿಕೆಯಿಂದ ಬಿಡಿಸಿಕೊಂಡು, ಗುಂಡಿ ಒತ್ತಿಕೊಂಡೇ ಅದರ ಬಾಯನ್ನು ತಮ್ಮ ಮುಖದ ಕಡೆ ತಿರುಗಿಸುತ್ತಿದ್ದರು. ಬರೆಯದ ಪೆನ್ನಿನ ಮೂತಿಯನ್ನು ನಾವೆಲ್ಲ ನೋಡುವುದಿಲ್ಲವೇ, ಹಾಗೆ. ನಾನು ಅವರ ಮುಂಗೈಗೆ ಎಷ್ಟು ಜೋರಾಗಿ ಹೊಡೆದೆನೆಂದರೆ ಕೊಳವೆ ಹಾರಿ ಕಪಾಟಿನ ಕೆಳಗೆ ಉರುಳಿತು.

ಮೇಷ್ಟ್ರಿಗೆ ಅವಮಾನವಾಯಿತು. ಮಾರಲು ಮನಸ್ಸಿಲ್ಲದಿದ್ದರೆ ನೆಟ್ಟಗೆ ಹೇಳಬಾರದೇ ಅಂದರು.  ಇದನ್ನು ಯಾರಿಗೂ ಮಾರುವುದಿಲ್ಲ, ಹೋಗಿ ಅಂದೆ. ಹೋದರು.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಸಿರು ಬೆಳಕು ಇಂಥ ಕೊಳವೆಯಲ್ಲಿ ನೇರವಾಗಿ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಒಂದು ಬೆಳಕು. ಅದು ಎರಡು ಪುಟ್ಟ ಹರಳುಗಳನ್ನು ದಾಟುವಾಗ ಹಸಿರಾಗುತ್ತದೆ. ಪೂರ್ತಿ ಆಗುವುದಿಲ್ಲ, ಒಂದಷ್ಟು ಕಾಣದ ಬೆಳಕಾಗಿಯೇ ಉಳಿಯುತ್ತದೆ. ಅದು ಹೊರಬರದ ಹಾಗೆ ಕೊಳವೆಯ ಬಾಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡ ಗಾಜೊಂದನ್ನು ಕೂರಿಸಿರುತ್ತಾರೆ. ಚಳಿ ಬಿದ್ದರೆ ಹರಳುಗಳು ಮೈಗಳ್ಳತನ ಮಾಡುತ್ತವೆ, ಆಗ ಹಸಿರು ಕಡಿಮೆ, ಕಾಣದ್ದು ಹೆಚ್ಚು. ಗಾಜು ಇಲ್ಲದಿದ್ದರೆ ಆ ಕಾಣದ್ದು ನೇರ ಹೊರಗೆ ಬರುತ್ತದೆ. ಹಸಿರಿಗಾದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಣದ್ದಕ್ಕೆ ಯಾವ ಕಣ್ಣು ಮುಚ್ಚುತ್ತದೆ? ತೆರೆದೇ ಇರುತ್ತದೆ, ಒಳಗೆ ಸುಡುತ್ತದೆ, ನೋವೂ ಆಗುವುದಿಲ್ಲ.

ಕಪಾಟಿನ ಕೆಳಗಿಂದ ಕೊಳವೆಯನ್ನು ಬಾಚಿ ತೆಗೆದೆ. ಬೆಳಕನ್ನು ಒಂದು ಹಾಡಿನ ಸಿ.ಡಿ.ಯ ಮೇಲೆ ಬಿಟ್ಟು, ಅದು ಬಿಡಿಬಿಡಿ ಚುಕ್ಕಿಗಳಾಗಿ ಹಲಗೆಯ ಮೇಲೆ ಬೀಳುವಂತೆ ಮಾಡಿ, ಒಂದು ಅಗ್ಗದ ಹಳೆ ಕ್ಯಾಮೆರಾದಲ್ಲಿ ನೋಡಿದೆ. ಅಂಥ ಕ್ಯಾಮೆರಾಗಳಿಗೆ ನಮಗೆ ಕಾಣದ್ದೂ ಕಾಣುತ್ತದೆ. ಹಲಗೆಯ ಮೇಲೆ ನನ್ನ ಕಣ್ಣಿಗೆ ಇದ್ದದ್ದು ಮಸುಕಾದ ಮೂರು ಹಸಿರು ಚುಕ್ಕಿ. ಕ್ಯಾಮೆರಾದ ಪರದೆಯಲ್ಲಿ ಅವುಗಳ ನಡುವೆ ತಿಳಿನೇರಳೆಯ ಚುಕ್ಕಿಗಳು ನಿಗಿನಿಗಿ ಉರಿಯುತ್ತಿದ್ದವು. ಪರದೆಯಿಂದ ಕಣ್ಣೆತ್ತಿದರೆ ಹಲಗೆಯ ಆ ಜಾಗ ಖಾಲಿ. ಮತ್ತೆ ಪರದೆ ನೋಡಿದರೆ ಇವೆ. ಹಗಲು ಹೊತ್ತಿನಲ್ಲಿ, ನನ್ನ ಸ್ವಂತ ಅಂಗಡಿಯಲ್ಲಿ ನಾನು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದೆ.

ಕೊಳವೆಯ ಮೂತಿ ಬಿಚ್ಚಿದೆ. ಗಾಜು ಇರಲಿಲ್ಲ. ಎಲ್ಲೋ ಬಿದ್ದುಹೋಗಿರಬೇಕು ಎಂದುಕೊಳ್ಳಲು ಅರ್ಧ ನಿಮಿಷ ಹೆಣಗಾಡಿದೆ. ಆಮೇಲೆ ನೆನಪು ಬಂತು, ಬೇಡವೆಂದರೂ ಬಂತು. ಆರು ವರ್ಷದ ಹಿಂದೆ ಈ ಕೊಳವೆ ಮೊದಲ ಸಲ ನನ್ನ ಮೇಜಿಗೆ ಬಂದಾಗ ಮೀಟರು ಮೂವತ್ತೊಂದು ತೋರಿಸಿತ್ತು. ಇಷ್ಟು ಕಡಿಮೆಯೇಕೆ ಎಂದು ಮೂತಿ ಬಿಚ್ಚಿದ್ದೆ. ಒಳಗೊಂದು ನೀಲಿಗಪ್ಪು ಗಾಜಿನ ಚೂರು ಸಿಕ್ಕಿತ್ತು. ಮಸಿ ಹಿಡಿದ ಮುಚ್ಚುಗಾಜು ಎಂದುಕೊಂಡು ಚಿಮಟದಿಂದ ಕಿತ್ತು ಬಿಸಾಕಿದೆ. ಅಳತೆ ಐವತ್ತೆರಡಕ್ಕೆ ಜಿಗಿಯಿತು. ಆ ಜಿಗಿತ ಕಂಡು ಎಷ್ಟು ಖುಷಿಪಟ್ಟಿದ್ದೆ ಎಂದರೆ ಅಂಕೆಯ ಕೆಳಗೆ ಅಡ್ಡಗೆರೆ ಬೇರೆ ಕೊರೆದಿದ್ದೆ. ಮೀಟರಿಗೆ ಬಣ್ಣದ ಗೊಡವೆಯಿಲ್ಲ, ಕಾಣುವುದನ್ನೂ ಕಾಣದ್ದನ್ನೂ ಕೂಡಿಸಿ ಹೇಳುತ್ತದೆ ಎನ್ನುವುದು ನನ್ನಂಥ ಪಂಡಿತನಿಗೆ ಆಗ ಗೊತ್ತಿರಲಿಲ್ಲ.

ಹಾಗೆ ಮೂತಿ ಬಿಚ್ಚಿ 'ಸರಿ ಮಾಡಿದ' ಲೇಸರುಗಳು ಇನ್ನೆಷ್ಟು ಎಂದು ಕೂತು ಯೋಚಿಸಿದೆ. ನಾಲ್ಕು ನೆನಪಾದವು. ನಾಲ್ವರಿಗೂ ಫೋನು ಮಾಡಿದೆ. ಮೂವರು ಚೆನ್ನಾಗಿದ್ದರು, ಕೊಳವೆಯನ್ನು ಮುಟ್ಟದೆ ನನಗೆ ತಂದುಕೊಡಿ ಅಂದೆ. ನಾಲ್ಕನೆಯ ನಂಬರು ಈಗ ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಮತ್ತೆ ಮತ್ತೆ ಹೇಳಿತು. ಇವತ್ತಿಗೂ ವಾರಕ್ಕೊಮ್ಮೆ ಆ ನಂಬರು ಒತ್ತುತ್ತೇನೆ, ಅದೇ ದನಿ.

ನಕ್ಷೆಯವರು ಚಳಿಯ ಮುಂಜಾವದಲ್ಲಿ ತಾರಸಿಯ ಮೇಲೆ ಏನು ಮಾಡಿರಬಹುದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಗುಂಡಿ ಒತ್ತಿದ್ದಾರೆ, ಹಸಿರು ಬಂದಿಲ್ಲ. ತಟ್ಟಿದ್ದಾರೆ. ಮೂತಿಯನ್ನು ತಿರುಗಿಸಿ ಒಳಗೆ ನೋಡಿದ್ದಾರೆ. ಯಾವ ಕಣ್ಣಿನಿಂದ? ಅವರಿಗಿದ್ದದ್ದು ಒಂದೇ. ನಡುವಿನಲ್ಲಿ ಒಂದು ಚುಕ್ಕಿಯಷ್ಟು ಸುಟ್ಟಿದೆ, ಎಲ್ಲಿ ನೋಡಿದರೂ ಆ ಚುಕ್ಕಿ ಮುಂದೆ ಬಂದು ಕೂತಿದೆ. ಹೊರಗೆ ಹೇಳಿಕೊಳ್ಳುವ ಮನುಷ್ಯರೇ ಅವರು? ಒಂದು ಕಣ್ಣನ್ನು ಅರವತ್ತು ವರ್ಷ ಬಚ್ಚಿಟ್ಟವರು ಇನ್ನೊಂದನ್ನೂ ಬಚ್ಚಿಟ್ಟರು.

ಆದರೆ ಮಗಳ ಭುಜದ ಹಿಂದೆ ಯಾಕೆ ನೋಡುತ್ತಿದ್ದರು ಎನ್ನುವುದು ನನಗೆ ತಿಳಿಯಲಿಲ್ಲ. ಕಾಣದಿದ್ದರೆ ಕಾಣದು, ಪಕ್ಕದಲ್ಲಿ ಯಾರು ನಿಂತಿದ್ದರು?

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಎರಡು ದಿನ ಬೇರೆ ಕೆಲಸಕ್ಕೆ ಕೈ ಹತ್ತಲಿಲ್ಲ. ಕಪಾಟುಗಳ ನಡುವಿನ ಆ ಮೂಲೆಯ ಕಡೆ ನನಗೇ ನೋಡಲು ಅಳುಕು. ಮೂರನೆಯ ದಿನ ಮಧ್ಯಾಹ್ನ ನನ್ನ ಹಳೆ ಕನ್ನಡಕದ ಎಡಗಾಜಿಗೆ ಕಾಗದ ಅಂಟಿಸಿ, ಬಲಗಾಜಿನ ನಟ್ಟನಡುವೆ ಕಪ್ಪು ಟೇಪಿನ ಒಂದು ಬೊಟ್ಟು ಅಂಟಿಸಿ, ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾನು, ನನ್ನ ಅಕ್ಕ ಇಬ್ಬರೇ ಇರುವುದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಈಗಲೂ ನನ್ನನ್ನು ಚಡ್ಡಿ ಹಾಕಿದ ಹುಡುಗನೆಂದೇ ತಿಳಿದಿದ್ದಾಳೆ. ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಿಸುತ್ತಿದ್ದಳು.

ನೋಡಿದೆ. ಅಕ್ಕನ ಕೈಗಳಿದ್ದವು, ಮಡಿಲಿತ್ತು, ಬಿಳಿಗೂದಲಿನ ಅಂಚಿತ್ತು. ಮುಖ ಇರಲಿಲ್ಲ. ಅರವತ್ತು ವರ್ಷದಿಂದ ನೋಡಿದ ಮುಖದ ಜಾಗದಲ್ಲಿ ಏನೂ ಇರಲಿಲ್ಲ. ಇದೇನು ವೇಷವೋ ಎಂದು ಆ ಇಲ್ಲದ ಮುಖ ಕೇಳಿತು. ನನಗೆ ನಿಜವಾಗಿ ಭಯವಾಯಿತು. ಮುಖ ಬೇಕು ಎಂದು ಕತ್ತನ್ನು ಅತ್ತ ಇತ್ತ ಹೊರಳಿಸಿದೆ. ಸ್ವಲ್ಪ ಬಲಕ್ಕೆ, ಅವಳ ಕಿವಿಯನ್ನು ದಾಟಿ ಭುಜದ ಮೇಲಿನ ಖಾಲಿ ಜಾಗದತ್ತ ತಿರುಗಿದಾಗ, ಬೊಟ್ಟು ಆ ಖಾಲಿ ಜಾಗದ ಮೇಲೆ ಕೂತಿತು, ಗಾಜಿನ ಅಂಚಿನಲ್ಲಿ ಅಕ್ಕನ ಮುಖ ಬಂತು. ಮಸುಕಾಗಿ, ಆದರೆ ಬಂತು. ಕಣ್ಣು, ಮೂಗು, ಬೈಯಲು ಸಿದ್ಧವಾಗಿದ್ದ ಬಾಯಿ. ಅದನ್ನು ಕಳೆದುಕೊಳ್ಳಬಾರದೆಂದು ಹಾಗೇ ನಿಂತುಬಿಟ್ಟೆ.

ಅಕ್ಕ ಮಡಿಸುವುದನ್ನು ನಿಲ್ಲಿಸಿ ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದಳು. "ಯಾರೋ ಅಲ್ಲಿ, ನನ್ನ ಹಿಂದೆ?" ಅಂದಳು.

ನಾನು ಕನ್ನಡಕ ತೆಗೆದೆ. ನನ್ನ ಬೊಟ್ಟು ಗಾಜಿನ ಮೇಲಿತ್ತು, ಕನ್ನಡಕ ತೆಗೆದಿಟ್ಟರೆ ಮುಗಿಯಿತು. ನಕ್ಷೆಯವರದು ಕಣ್ಣಿನೊಳಗೇ ಇತ್ತು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಆ ಹುಡುಗಿಗೆ ಹೇಳಬೇಡ ಅಂದಳು. ಸತ್ತವರು ಸತ್ತಾಯಿತು. ಇವಳು ಈಗ ತಾಯಿ ಬೆನ್ನ ಹಿಂದೆ ಇದ್ದಾಳೆ ಅಂದುಕೊಂಡಿದ್ದಾಳೆ, ಹುಚ್ಚೋ ಭ್ರಮೆಯೋ, ಹೇಗೋ ದಿನ ಹೋಗುತ್ತಿದೆ. ಹೇಳಿದರೆ ನಿನ್ನ ಎದೆ ಹಗುರವಾಗುತ್ತದೆ, ಅಷ್ಟೇ. ನಾನು ವಾದ ಮಾಡಿದೆ. ಅಪ್ಪನಿಗೆ ತಾನು ಬೇಡವಾದೆ ಅಂದುಕೊಂಡು ಕೊರಗುತ್ತಿದ್ದಾಳೆ, ಅದು ಸುಳ್ಳು ಎಂದು ಗೊತ್ತಿರುವವನು ನಾನೊಬ್ಬನೇ, ಹೇಗೆ ಬಾಯಿ ಮುಚ್ಚಿಕೊಂಡಿರಲಿ ಅಂದೆ. ಅಕ್ಕ ಬಟ್ಟೆಯ ರಾಶಿ ಎತ್ತಿಕೊಂಡು ಎದ್ದಳು. "ಹೇಳೋದಾದ್ರೆ ನಿನ್ನ ತಪ್ಪಿಂದ ಶುರು ಮಾಡು. ಅದನ್ನ ಕೊನೇಗೆ ಇಟ್ಕೋಬೇಡ," ಅಂದಳು.

ನಾಲ್ಕನೆಯ ದಿನ ಟೈಲರಮ್ಮ ಬಂದು ಅದೇ ಮೂಲೆಯಲ್ಲಿ ಅದೇ ರೀತಿ ಕೂತಳು. ಮಾರಾಟವಾಯ್ತಾ ಎಂದು ಕೇಳಿದಳು. ಇಲ್ಲ, ಇದನ್ನು ಮಾರುವಂತಿಲ್ಲ ಅಂದೆ. ಅಕ್ಕ ಹೇಳಿದ ಹಾಗೆ ನನ್ನ ತಪ್ಪಿನಿಂದಲೇ ಶುರು ಮಾಡಿದೆ. ಮೂತಿ ಬಿಚ್ಚಿದ್ದು, ಗಾಜು ಕಿತ್ತದ್ದು, ಐವತ್ತೆರಡು ಎಂದು ಕೊರೆದು ಅವರ ಕೈಗೆ ಕೊಟ್ಟದ್ದು. ಕ್ಯಾಮೆರಾದ ಪರದೆಯಲ್ಲಿ ಆ ನೇರಳೆ ಚುಕ್ಕಿಗಳನ್ನು ತೋರಿಸಿದೆ. ಎಡಗಣ್ಣಿನ ವಿಷಯ ಹೇಳಬೇಡಿ ಎಂದು ಅವರು ಕೇಳಿಕೊಂಡಿದ್ದರು, ಆ ಮಾತನ್ನೂ ಮುರಿದೆ. ಆಕೆ ಕಪಾಳಕ್ಕೆ ಬಾರಿಸುತ್ತಾಳೆ ಎಂದು ಕಾಯುತ್ತಿದ್ದೆ, ಬಾರಿಸಿದ್ದರೆ ಉಪಕಾರವಾಗುತ್ತಿತ್ತು.

"ನಿಮ್ಮ ತಂದೆಗೆ ಮರೆವಿನ ಕಾಯಿಲೆ ಇರಲಿಲ್ಲ," ಅಂದೆ. "ಕಣ್ಣಿನ ನಡುವೆ ಸುಟ್ಟುಹೋಗಿತ್ತು. ನೇರವಾಗಿ ನೋಡಿದ್ರೆ ನಿಮ್ಮ ಮುಖ ಮಾಯ ಆಗ್ತಿತ್ತು. ಪಕ್ಕಕ್ಕೆ ನೋಡಿದ್ರೆ ಮಾತ್ರ ಕಾಣ್ತಿತ್ತು. ಅದಕ್ಕೇ ಭುಜದ ಹಿಂದೆ ನೋಡ್ತಿದ್ರು."

ಆಕೆ, "ಹಾಗಾದ್ರೆ ಅಮ್ಮ ಅಲ್ಲಿ ಇರ್ಲಿಲ್ವಾ?" ಎಂದು ಕೇಳಿದಳು.

ಇಲ್ಲ, ಕಣ್ಣಿನ ಗುಟ್ಟು ಬಯಲಾಗಬಾರದೆಂದು ಅವತ್ತು ಹೂಂ ಅಂದಿರಬೇಕು ಅಂದೆ. ಆಕೆಯ ಕೈ ತಾನಾಗಿ ಭುಜದ ಮೇಲೆ ಹೋಗಿ ಅಲ್ಲೇನನ್ನೋ ಹುಡುಕಿದ ಹಾಗೆ ಮಾಡಿ ಕೆಳಗಿಳಿಯಿತು. ಎಂದೋ ಹೋದ ತಾಯಿಯನ್ನು ಇನ್ನೊಂದು ಸಲ ಕಳಿಸಿಕೊಟ್ಟೆ ಎನ್ನಿಸಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೆ ಹೇಳಬೇಕಾದ ಮಾತು ಇನ್ನೊಂದಿತ್ತು, ಅದಕ್ಕಾಗಿಯೇ ನಾನು ಇಷ್ಟೆಲ್ಲ ಬಾಯಿಬಿಟ್ಟಿದ್ದೆ.

"ಅವರು ಎರಡು ವರ್ಷವೂ ನೋಡಿದ್ದು ನಿಮ್ಮನ್ನೇ," ಅಂದೆ.

ಆಕೆ ನನ್ನನ್ನೇನಾ, ಅಷ್ಟು ದಿನವೂನಾ ಎಂದು ಎರಡು ಸಲ ಕೇಳಿದಳು. ಊಟಕ್ಕೆ ಬಡಿಸುವಾಗ, ಗುಂಡಿ ಹೊಲಿಯುವಾಗ, ತಾನು ಸಿಟ್ಟಿನಿಂದ ಬಾಗಿಲು ಬಡಿದುಕೊಂಡು ಹೋಗುವಾಗ ಅಪ್ಪ ಹಾಗೆ ಓರೆಯಾಗಿ ತಿರುಗಿ ಕೂತಿರುತ್ತಿದ್ದದ್ದನ್ನು ಒಂದೊಂದಾಗಿ ನೆನೆಸಿಕೊಂಡು, ಹೌದಾ, ಆಗಲೂನಾ ಎಂದು ಕೇಳುತ್ತಾ ಹೋದಳು. ಪ್ರತಿಯೊಂದಕ್ಕೂ ಹೌದು ಅಂದೆ. ಕಣ್ಣು ತುಂಬಿತ್ತು, ಆದರೆ ಮುಖ ಅರಳಿತ್ತು. ಎದ್ದು ಸ್ಟೂಲನ್ನು ಮೂಲೆಯಿಂದ ಎಳೆದು, ಬೀದಿ ಬಾಗಿಲಿಗೆ ಬೆನ್ನು ಹಾಕಿ, ನನ್ನ ಮೇಜಿನ ಎದುರು ಕೂತಳು. ಅಕ್ಕನ ಮಾತು ಸುಳ್ಳಾಯಿತು ಎಂದು ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆಮೇಲೆ, ಏನೋ ಒಂದು ಲೆಕ್ಕಕ್ಕೆ ಸಿಗದೆ ಉಳಿದಂತೆ, ಆಕೆ ತನ್ನ ಬಲಗೈಯನ್ನು ನೋಡಿಕೊಳ್ಳತೊಡಗಿದಳು. ನೀರು ತರಲಾ ಎಂದು ಕೇಳಿದೆ, ಬೇಡ ಅಂದಳು.

"ಕೊನೇ ದಿನ ಆಸ್ಪತ್ರೇಲಿ ಆ ಕಡೆ ತಿರುಗಿಕೊಂಡಿದ್ರು," ಅಂದಳು. "ಉಸಿರು ಎಳೀತಿತ್ತು. ಇವತ್ತಾದ್ರೂ ನನ್ನ ಮುಖ ನೋಡ್ಲಿ ಅಂತ ಗದ್ದ ಹಿಡಿದು ನನ್ನ ಕಡೆ ನೇರ ತಿರುಗಿಸಿದೆ. ಹಾಗೇ ಹಿಡ್ಕೊಂಡೇ ಇದ್ದೆ." ಕೈಯಿಂದ ಕಣ್ಣೆತ್ತದೆ ಕೇಳಿದಳು. "ಆಗ ಅವರಿಗೆ ನಾನು ಕಾಣಿಸಿದ್ನಾ?"

ಕೊನೆಗಾಲದಲ್ಲಿ ಕಣ್ಣು ಬೇಕಿಲ್ಲ, ಮನಸ್ಸಿಗೇ ಕಾಣುತ್ತದೆ ಎನ್ನಬಹುದಿತ್ತು. ಯಾರಾದರೂ ಹಾಗನ್ನುತ್ತಾರೆ, ನನ್ನ ನಾಲಗೆಯ ತುದಿಗೂ ಬಂದಿತ್ತು. ಆದರೆ ಒಂದು ಸಲ ಇಲ್ಲದ ಅಂಕೆ ಬರೆದುಕೊಟ್ಟು ಆ ಮನೆಗೆ ಮಾಡಿದ್ದು ಸಾಕಾಗಿತ್ತು.

"ಇಲ್ಲ," ಅಂದೆ. "ಕಾಣಿಸಿರಲ್ಲ."

ಆಕೆ ತಲೆಯಾಡಿಸಿದಳು. ಅಳಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಮತ್ತೆ ಆ ಕಡೆ ತಿರುಗೋಕೆ ನೋಡಿದ್ರು," ಅಂದಳು. "ನಾನು ಬಿಡ್ಲಿಲ್ಲ."